ಎಣ್ಣೆ ಬಿಟ್ಟುಕೊಂಡ ಕಣ್ಣು

‘ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು’ ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಹೊಲದ ಅಟ್ಟಣೆಯ ಮೇಲೆ ಕೂತು ಹಂದಿ ಕಾಯುವವನಿಗೂ ಅದೇ ಮಾತು, ಮತ ಎಣಿಕೆಯ ಮೇಜಿನ ಮುಂದೆ ಕೂತ ಪಕ್ಷದ ಏಜೆಂಟನಿಗೂ ಅದೇ ಮಾತು. ನಿಜಕ್ಕೂ ಯಾರೂ ಎಣ್ಣೆ ಬಿಟ್ಟುಕೊಳ್ಳುವುದಿಲ್ಲ, ಬಿಟ್ಟುಕೊಳ್ಳಲೂಬಾರದು. ಆದರೆ ಬಹಳ ಹೊತ್ತು ಎಚ್ಚರದಿಂದ ನೋಡುವ ಕಣ್ಣು ಒಣಗಿ ಉರಿಯುತ್ತದೆ ಎನ್ನುವುದು ಈ ಮಾತು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಎಣ್ಣೆಯ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು, ಕಾಲಿಗಿಂತ ಹೆಚ್ಚಾಗಿ ಕಣ್ಣಿನಿಂದಲೇ ಬೇಟೆಯಾಡುವ ಒಂದು ಸೀಮೆಗೆ ಹೋಗಿಬರೋಣ.

ಅಮೆರಿಕದ ಅರಿಜೋನಾ ರಾಜ್ಯದ ದಕ್ಷಿಣಕ್ಕೆ, ಮೆಕ್ಸಿಕೊ ಗಡಿಯ ಕಡೆಗಿರುವ ಒಣ ಗುಡ್ಡಗಳಲ್ಲಿ ಒಂದು ಪುಟ್ಟ ಜಿಂಕೆಯಿದೆ. ಬಿಳಿಬಾಲದ ಜಿಂಕೆಯ ಉಪಜಾತಿ ಅದು. ಬೆಳೆದ ಗಂಡು ಕೂಡ 45 ಕಿಲೊ ದಾಟುವುದು ಅಪರೂಪ. ಮೈ ಬೂದು, ಬಂಡೆ ಬೂದು, ಕುರುಚಲು ಓಕ್ ಗಿಡಗಳ ನೆರಳೂ ಬೂದು. ಹಾಗಾಗಿ ಅಲ್ಲಿನ ಬೇಟೆಗಾರರು ಅದನ್ನು ‘ಬೂದು ದೆವ್ವ’ ಎಂದು ಕರೆಯುತ್ತಾರೆ. ಅದರ ನಿಜವಾದ ಹೆಸರು ಬಂದದ್ದು ಎಲಿಯಟ್ ಕೌಸ್ ಎಂಬಾತನಿಂದ. 1864ರಲ್ಲಿ ಅರಿಜೋನಾದ ಫೋರ್ಟ್ ವಿಪಲ್ ಠಾಣೆಗೆ ಸೇನಾ ವೈದ್ಯನಾಗಿ ಬಂದ ಆತ ಮುಂದೆ ಅಮೆರಿಕದ ದೊಡ್ಡ ಪಕ್ಷಿಶಾಸ್ತ್ರಜ್ಞನಾದ. ಮನೆತನದವರ ಉಚ್ಚಾರ ‘ಕೌಸ್’; ಬೇಟೆಗಾರರ ಬಾಯಲ್ಲಿ ಅದು ‘ಕೂಸ್’ ಆಗಿದೆ. ಕನ್ನಡದ ಕಿವಿಗೆ ಎರಡನೆಯದೇ ಹಿತ. ಜಿಂಕೆಗಳ ನಡುವೆ ಅದು ಕೂಸೇ ತಾನೆ.

ಈ ಜಿಂಕೆಯ ಬೇಟೆಗೆ ಅಲ್ಲಿ ಲಾಟರಿ ಎತ್ತಿ ಪರವಾನಗಿ ಕೊಡುತ್ತಾರೆ. ಪರವಾನಗಿ ಸಿಕ್ಕವನು ಕಾಡೆಲ್ಲ ಅಲೆಯುವುದಿಲ್ಲ. ಬೆಳಕು ಹರಿಯುವ ಮುಂಚೆ ಒಂದು ದಿಣ್ಣೆ ಹತ್ತಿ ಕೂರುತ್ತಾನೆ. ಎದುರಿಗೆ ಒಂದೆರಡು ಕಿಲೊಮೀಟರ್ ಆಚೆಯ ಇಳಿಜಾರು. 15 ಪಟ್ಟು ಹಿಗ್ಗಿಸುವ ಬೈನಾಕ್ಯುಲರನ್ನು ಟ್ರೈಪಾಡಿಗೆ ಕೂರಿಸಿ ಆ ಇಳಿಜಾರನ್ನು ಗಿಡ ಗಿಡವಾಗಿ ಸೋಸುತ್ತಾನೆ. ಇಡೀ ಜಿಂಕೆ ಕಾಣುವುದೇ ಇಲ್ಲ. ಅಲುಗುವ ಒಂದು ಕಿವಿ, ನೆಟ್ಟಗಿನ ಗಿಡಗಳ ನಡುವೆ ಅಡ್ಡವಾಗಿರುವ ಒಂದು ಬೆನ್ನಿನ ಗೆರೆ, ಬಿಸಿಲಿಗೆ ಮಿನುಗಿದ ಕೊಂಬಿನ ತುದಿ, ಇಷ್ಟೇ ಸುಳಿವು. ಸುಳಿವು ಸಿಕ್ಕಮೇಲೆ ಸ್ಪಾಟಿಂಗ್ ಸ್ಕೋಪ್ ಹೊರಬರುತ್ತದೆ. ಅದು 20ರಿಂದ 60 ಪಟ್ಟು ಹಿಗ್ಗಿಸುವ, ಒಂದೇ ಕಣ್ಣಿನಿಂದ ನೋಡುವ ಪುಟ್ಟ ದೂರದರ್ಶಕ. ಗಂಡೋ ಹೆಣ್ಣೋ, ಕೊಂಬು ಎಷ್ಟು ಕವಲು ಎಂದು ಅದರಲ್ಲಿ ತಿಳಿಯಬೇಕು.

ನಾಲ್ಕಾರು ಗಂಟೆ ಹೀಗೆ ಕೂತವನ ಹಣೆ ಸಿಡಿಯುತ್ತದೆ, ಕಣ್ಣು ನೀರಾಡುತ್ತದೆ. ಇದು ಬರೀ ಸುಖದ ಪ್ರಶ್ನೆಯಲ್ಲ. ದಣಿದ ಕಣ್ಣು ಎರಡು ತಪ್ಪು ಮಾಡುತ್ತದೆ. ಇರುವ ಜಿಂಕೆಯನ್ನು ಕಾಣುವುದಿಲ್ಲ. ಇಲ್ಲದ ಜಿಂಕೆಯನ್ನು ಪೊದೆಯಲ್ಲಿ ಕಾಣುತ್ತದೆ. ಕೈಯಲ್ಲಿ ಬಂದೂಕಿದ್ದವನಿಗೆ ಎರಡನೆಯ ತಪ್ಪು ಆಗಲೇಬಾರದು. ಬಂದೂಕಿನ ಮೇಲಿನ ಸ್ಕೋಪಿನಿಂದ ಹುಡುಕಾಟ ನಡೆಸಬೇಡಿ ಎಂದು ಬೇಟೆ ಶಿಕ್ಷಣದಲ್ಲಿ ಕಟ್ಟುನಿಟ್ಟಾಗಿ ಹೇಳುವುದು ಅದಕ್ಕೇ. ಬಂದೂಕಿನ ಸ್ಕೋಪು ನೋಡಿದಲ್ಲೆಲ್ಲ ನಳಿಗೆಯೂ ನೋಡುತ್ತಿರುತ್ತದೆ, ಅಲ್ಲಿರುವುದು ಇನ್ನೊಬ್ಬ ಮನುಷ್ಯನೂ ಆಗಿರಬಹುದು.

‘ನಮಗೇಕೆ ಇದು?’ ಎಂದು ನೀವು ಕೇಳಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆ ಹವ್ಯಾಸವಲ್ಲ, ಅಪರಾಧ. ಆದರೆ ಉಪಕರಣ ಉಳಿದಿದೆ, ಕೈ ಬದಲಾಗಿದೆ. ಕೌಸ್ ಕಾಲದ ಪಕ್ಷಿಶಾಸ್ತ್ರಜ್ಞರು ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದೇ ಗುರುತಿಸುತ್ತಿದ್ದರು. ನಮ್ಮ ಸಲೀಂ ಅಲಿಯವರ ಹಕ್ಕಿಯ ಹುಚ್ಚು ಶುರುವಾದದ್ದೂ ಬಾಲ್ಯದಲ್ಲಿ ತಾವೇ ಹೊಡೆದ ಒಂದು ಹಳದಿ ಕೊರಳಿನ ಗುಬ್ಬಿಯಿಂದ. ಅದೇ ಸಲೀಂ ಅಲಿಯವರ ಮಾತಿಗೆ ಬೆಲೆಕೊಟ್ಟು ಮೈಸೂರಿನ ಅರಸರು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವೆಂದು ಘೋಷಿಸಿದರು. ಬಂದೂಕು ಕೆಳಗಿಟ್ಟವರ ಕೈಗೆ ದುರ್ಬೀನು ಬಂತು. ಇಂದು ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ ಚಳಿಗಾಲದ ಬೆಳಿಗ್ಗೆ ಸ್ಕೋಪು ನೆಟ್ಟು ಕೂತ ಹಕ್ಕಿ ವೀಕ್ಷಕನ ಕಣ್ಣಿಗೂ ಅರಿಜೋನಾದ ಬೇಟೆಗಾರನ ಕಣ್ಣಿಗೂ ಆಗುವುದು ಒಂದೇ ನೋವು.

ನಾನೂ ಆ ದಂಡೆಯಲ್ಲಿ ಕೂತವನೇ. ಬಹಳ ದಿನ ತಪ್ಪನ್ನು ಗಾಜಿನ ಮೇಲೆ ಹೊರಿಸಿದ್ದೆ. ಗಾಜು ನಿರಪರಾಧಿ ಎಂದು ತಿಳಿದದ್ದು ತಡವಾಗಿ. ಕಣ್ಣು ದಣಿಯುವುದು ನೋಡುವುದರಿಂದ ಅಲ್ಲ, ನೋಡಲು ನಾವು ಪಡುವ ಹೆಣಗಾಟದಿಂದ.

ಮುಚ್ಚಿದ ಕಣ್ಣಿನ ಕಾಟ

ಸ್ಕೋಪಿಗೆ ಕಣ್ಣಿಟ್ಟ ಹೊಸಬರು ಮೊದಲು ಮಾಡುವ ಕೆಲಸ ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚುವುದು. ಕಣ್ಣಿನ ಸುತ್ತ ಬಳೆಯಂತಹ ಒಂದು ಸ್ನಾಯುವಿದೆ. ಎರಡು ಕಡೆಯ ಬಳೆಗಳೂ ಒಟ್ಟಿಗೆ ಕೆಲಸ ಮಾಡಿ ರೂಢಿಯಾದವು. ಎಡಗಣ್ಣನ್ನು ಹಿಂಡಿ ಮುಚ್ಚಿದರೆ ಬಲಗಣ್ಣಿನ ರೆಪ್ಪೆಯೂ ಬಿಗಿಯುತ್ತದೆ, ಕೆನ್ನೆ ಎಳೆಯುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಹತ್ತು ನಿಮಿಷದಲ್ಲಿ ಅದು ತಲೆನೋವಾಗುತ್ತದೆ.

ಹಳೆಯ ಪೇಟೆಬೀದಿಯ ಗಡಿಯಾರ ರಿಪೇರಿಯವರನ್ನು ನೆನಪಿಸಿಕೊಳ್ಳಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಇಡೀ ದಿನ ಕೂರುತ್ತಿದ್ದ ಅವರು ಇನ್ನೊಂದು ಕಣ್ಣನ್ನು ಮುಚ್ಚುತ್ತಿರಲಿಲ್ಲ. ಅದು ತೆರೆದೇ ಇರುತ್ತಿತ್ತು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಬೇಡದ ಚಿತ್ರವನ್ನು ಪಕ್ಕಕ್ಕೆ ಸರಿಸುವುದು ಮೆದುಳಿಗೆ ಗೊತ್ತು. ಕೆಲವು ದಿನದ ಅಭ್ಯಾಸ ಬೇಕು, ಅಷ್ಟೇ. ಅಲ್ಲಿಯವರೆಗೆ ಆ ಕಣ್ಣಿನ ಮುಂದೆ ಅಂಗೈ ಅಡ್ಡ ಹಿಡಿಯಿರಿ, ಟೋಪಿಯ ಅಂಚನ್ನು ಇಳಿಸಿಕೊಳ್ಳಿ, ಇಲ್ಲವೇ ಔಷಧದ ಅಂಗಡಿಯಲ್ಲಿ ಸಿಗುವ ಕಪ್ಪು ಕಣ್ಪಟ್ಟಿ ಕಟ್ಟಿಕೊಳ್ಳಿ. ರೆಪ್ಪೆ ಮಾತ್ರ ಸಡಿಲವಾಗಿರಲಿ. ಆಗಾಗ ಕಣ್ಣು ಬದಲಿಸಿ ನೋಡುವುದೂ ಒಳ್ಳೆಯದು.

ದೊಡ್ಡದಾಗಿ ಕಾಣುವ ಆಸೆ

ಎರಡನೆಯ ಹೆಣಗಾಟ ಆಸೆಯದು. 60 ಪಟ್ಟು ಎಂದು ಬರೆದಿದೆಯಲ್ಲ, ತಿರುಗಿಸಿಯೇಬಿಡೋಣ ಎನಿಸುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಸ್ಕೋಪನ್ನು ಕೈಯಳತೆಯಲ್ಲಿ ಹಿಡಿದು, ಸೂರ್ಯನಿಲ್ಲದ ಕಡೆಯ ಆಕಾಶಕ್ಕೆ ಮುಖ ಮಾಡಿಸಿ, ಕಣ್ಣಿಡುವ ಗಾಜನ್ನು ದೂರದಿಂದ ನೋಡಿ. ಅದರಲ್ಲಿ ಬೆಳಕಿನ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ಹೊರಗಿನ ದೃಶ್ಯವೆಲ್ಲ ಆ ಬಿಲ್ಲೆಯ ಮೂಲಕವೇ ಕಣ್ಣಿನ ಪಾಪೆಯೊಳಗೆ ಹೋಗಬೇಕು. ಮುಂದಿನ ಗಾಜಿನ ಅಗಲವನ್ನು ಹಿಗ್ಗಿಸುವ ಪ್ರಮಾಣದಿಂದ ಭಾಗಿಸಿದರೆ ಬಿಲ್ಲೆಯ ಅಗಲ ಸಿಗುತ್ತದೆ. 80 ಮಿಲಿಮೀಟರ್ ಗಾಜಿನ ಸ್ಕೋಪು 20 ಪಟ್ಟಿನಲ್ಲಿದ್ದರೆ ಬಿಲ್ಲೆ 4 ಮಿಲಿಮೀಟರ್. 60ಕ್ಕೆ ತಿರುಗಿಸಿದರೆ ಅದು 1.3 ಮಿಲಿಮೀಟರಿಗೆ ಇಳಿಯುತ್ತದೆ.

ಕಣ್ಣಿನ ಪಾಪೆ ಹಗಲಲ್ಲಿ 2-3 ಮಿಲಿಮೀಟರ್ ಅಗಲವಿರುತ್ತದೆ. ಕತ್ತಲಲ್ಲಿ ಯುವಕರಿಗೆ 7ರವರೆಗೂ ಹಿಗ್ಗುತ್ತದೆ, ವಯಸ್ಸಾದಂತೆ ಅಷ್ಟು ಹಿಗ್ಗುವುದಿಲ್ಲ. ಹಾಗಾಗಿ ನಸುಕಿನಲ್ಲಿ 20ರಿಂದ 60ಕ್ಕೆ ಹೋದರೆ ಚಿತ್ರ 9 ಪಟ್ಟು ಮಂಕಾಗುತ್ತದೆ. ಮಂಕಾದದ್ದನ್ನು ನೋಡಲು ಕಣ್ಣು ಕಿರಿದಾಗಿಸುತ್ತೇವೆ. ಬಿಲ್ಲೆ ಸಣ್ಣದಾದರೆ ತಲೆ ಕೂದಲೆಳೆಯಷ್ಟು ಸರಿದರೂ ದೃಶ್ಯ ಕಪ್ಪಾಗುತ್ತದೆ. ಕತ್ತು ಬಿಗಿಹಿಡಿದು ಕೂರುತ್ತೇವೆ. ಅದು ಸಾಲದೆಂಬಂತೆ, ಕಣ್ಣೊಳಗಿನ ದ್ರವದಲ್ಲಿ ತೇಲುವ ನೂಲಿನಂತಹ ಎಳೆಗಳ ನೆರಳು ಅಷ್ಟು ಸಪೂರ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಹಕ್ಕಿ ಹುಡುಕುವ ಬದಲು ಆ ಎಳೆಗಳನ್ನು ಓಡಿಸುವುದೇ ಕೆಲಸವಾಗುತ್ತದೆ.

ಆದ್ದರಿಂದ ಹುಡುಕಾಟಕ್ಕೆ ಕಡಿಮೆ ಪಟ್ಟು, ಸಿಕ್ಕಮೇಲೆ ವಿವರಕ್ಕೆ ಕ್ಷಣಕಾಲ ಹೆಚ್ಚು ಪಟ್ಟು, ಮತ್ತೆ ಕೆಳಗೆ. ನನ್ನ ಸ್ಕೋಪು ಹೆಚ್ಚಿನ ಹೊತ್ತು 25ರ ಆಸುಪಾಸಿನಲ್ಲೇ ಇರುತ್ತದೆ.

ಹಗಲೇರಿದಂತೆ ಇನ್ನೊಂದು ತೊಡಕು ಬರುತ್ತದೆ, ನಮ್ಮ ಬಿಸಿಲುಗುದುರೆ. ಕಾದ ನೆಲದಿಂದ ಏಳುವ ಗಾಳಿ ಕುದಿಯುವ ನೀರಿನಂತೆ ದೃಶ್ಯವನ್ನು ಕುಣಿಸುತ್ತದೆ. ಸ್ಕೋಪು ಹಕ್ಕಿಯನ್ನು ಹಿಗ್ಗಿಸುವಷ್ಟೇ ಈ ಕುಣಿತವನ್ನೂ ಹಿಗ್ಗಿಸುತ್ತದೆ. ಫೋಕಸ್ ತಪ್ಪಿದೆಯೆಂದು ತಿಳಿದು ಗುಂಡಿ ತಿರುಗಿಸುತ್ತಲೇ ಇರುತ್ತೇವೆ, ಕಣ್ಣೂ ಸ್ಪಷ್ಟತೆಯ ಬೆನ್ನುಹತ್ತಿ ಸೋಲುತ್ತದೆ. ಎಷ್ಟು ದುಡ್ಡಿನ ಗಾಜೂ ಇಲ್ಲಿ ಸಹಾಯಕ್ಕೆ ಬಾರದು. ಪಟ್ಟು ಇಳಿಸಿ, ಇಲ್ಲವೇ ಡಬ್ಬಿ ಬಿಚ್ಚಿ ಬುತ್ತಿ ತಿನ್ನಿ, ಸಂಜೆಗೆ ಬನ್ನಿ. ಬೇಟೆಗಾರರೂ ಪಕ್ಷಿವೀಕ್ಷಕರೂ ಬೆಳಗಿನ ಮೊದಲ ಎರಡು ಗಂಟೆಗೆ ಹಂಬಲಿಸುವುದಕ್ಕೆ ಪ್ರಾಣಿಗಳ ಓಡಾಟ ಒಂದು ಕಾರಣ, ತಣ್ಣಗಿನ ಗಾಳಿ ಇನ್ನೊಂದು. ಕಾರಿನ ಕಿಟಕಿಯ ಗಾಜಿನ ಮೂಲಕ, ಬಿಸಿಯಾದ ಬಾನೆಟ್ಟಿನ ಮೇಲಿಂದ ನೋಡುವುದೂ ಬೇಡ.

ಫೋಕಸ್ ಎಲ್ಲಿ ನಿಲ್ಲಬೇಕು

ಮೂರನೆಯದು ಹೊರಗೆ ಕಾಣದ ಹೆಣಗಾಟ. ಕಣ್ಣೊಳಗಿನ ಮಸೂರವನ್ನು ಒಂದು ಸ್ನಾಯು ಸುತ್ತುವರಿದಿದೆ. ದೂರ ನೋಡುವಾಗ ಆ ಸ್ನಾಯು ಸಡಿಲ, ಹತ್ತಿರ ನೋಡುವಾಗ ಬಿಗಿ. ಸ್ಕೋಪನ್ನು ಸರಿಯಾಗಿ ಹೊಂದಿಸಿದರೆ ಕಣ್ಣು ಬೆಟ್ಟ ನೋಡುವಷ್ಟೇ ಸಡಿಲವಾಗಿರಬಹುದು. ಆದರೆ ಕೊಳವೆಯೊಳಗೆ ನೋಡುತ್ತಿದ್ದೇನೆ, ವಸ್ತು ಇಲ್ಲೇ ಇದೆ ಎಂಬ ಭಾವನೆಯಿಂದ ಕಣ್ಣು ತಾನಾಗಿಯೇ ಹತ್ತಿರಕ್ಕೆ ಹೊಂದಿಕೊಂಡುಬಿಡುತ್ತದೆ. ನಾವು ಅದಕ್ಕೆ ತಕ್ಕಂತೆ ಗುಂಡಿ ತಿರುಗಿಸುತ್ತೇವೆ. ಚಿತ್ರ ಸ್ಪಷ್ಟವಾಗಿಯೇ ಕಾಣುತ್ತದೆ, ಆದರೆ ಸ್ನಾಯು ಇಡೀ ಬೆಳಿಗ್ಗೆ ಭಾರ ಹೊತ್ತು ನಿಂತಿರುತ್ತದೆ. ಎಳೆಯ ಕಣ್ಣುಗಳಲ್ಲಿ ಇದು ಹೆಚ್ಚು, ಏಕೆಂದರೆ ಅವಕ್ಕೆ ಹೊಂದಿಕೊಳ್ಳುವ ಶಕ್ತಿಯೂ ಹೆಚ್ಚು.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಮೊದಲು ಹತ್ತಿರದ ಪೊದೆಯೊಂದಕ್ಕೆ ಫೋಕಸ್ ಮಾಡಿ. ಅಲ್ಲಿಂದ ಗುಂಡಿಯನ್ನು ದೂರದ ಕಡೆಗೆ ನಿಧಾನವಾಗಿ ತಿರುಗಿಸುತ್ತ ಬನ್ನಿ. ಮಸುಕಾಗಿದ್ದ ಹಕ್ಕಿ ಮೊದಲ ಸಲ ಚೊಕ್ಕವಾಗಿ ಕಂಡಲ್ಲಿ ಕೈ ತೆಗೆಯಿರಿ. ಇನ್ನೂ ಮುಂದೆ ಹೋದರೂ ಹಕ್ಕಿ ಸ್ಪಷ್ಟವಾಗಿಯೇ ಇರಬಹುದು, ಆದರೆ ಆ ಹೆಚ್ಚುವರಿ ಸ್ಪಷ್ಟತೆಯ ಕೂಲಿಯನ್ನು ನಿಮ್ಮ ಕಣ್ಣು ಕೊಡುತ್ತಿರುತ್ತದೆ.

ಕನ್ನಡಕದವರಿಗೆ ಎರಡು ಮಾತು. ಹ್ರಸ್ವದೃಷ್ಟಿ, ದೂರದೃಷ್ಟಿಯ ದೋಷವನ್ನು ಫೋಕಸ್ ಗುಂಡಿ ಸರಿದೂಗಿಸುತ್ತದೆ. ಆದರೆ ನಿಮ್ಮ ಚೀಟಿಯಲ್ಲಿ ಸಿಲಿಂಡರ್ ಎಂಬ ಕಾಲಂನಲ್ಲಿ ಗಣನೀಯ ಅಂಕಿಯಿದ್ದರೆ ಅದನ್ನು ಸರಿದೂಗಿಸುವುದಿಲ್ಲ, ಕನ್ನಡಕ ಹಾಕಿಯೇ ನೋಡಬೇಕು. ಹಾಗೆ ನೋಡುವಾಗ ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಕೆಳಗಿಳಿಸಿ; ಕನ್ನಡಕವಿಲ್ಲದವರು ಮೇಲೆತ್ತಿಕೊಳ್ಳಿ. ಕೊಳ್ಳುವ ಮುಂಚೆ ಗಾಜಿನಿಂದ ಎಷ್ಟು ದೂರದವರೆಗೆ ಕಣ್ಣಿಟ್ಟರೂ ಪೂರ್ತಿ ದೃಶ್ಯ ಕಾಣುತ್ತದೆಂದು ಕೇಳಿ. ಕನ್ನಡಕದವರಿಗೆ ಅದು 15-16 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕಿಂಡಿಯಲ್ಲಿ ಇಣುಕಿದಂತಾಗುತ್ತದೆ. ಪ್ರೊಗ್ರೆಸಿವ್ ಅಥವಾ ಬೈಫೋಕಲ್ ಕನ್ನಡಕದವರು ಕಣ್ಣಿಡುವ ಭಾಗ ಓರೆಯಾಗಿರುವ ಸ್ಕೋಪಿನಲ್ಲಿ ನೋಡುವಾಗ ಬರೀ ಕಣ್ಣನ್ನು ಕೆಳಗಿಳಿಸಿದರೆ ಓದುವ ಭಾಗದಿಂದ ನೋಡಿದಂತಾಗಿ ಎಲ್ಲ ಮಸುಕಾಗುತ್ತದೆ. ತಲೆಯನ್ನೇ ಬಾಗಿಸಿ, ಮೇಲಿನ ಭಾಗದಿಂದ ನೋಡಬೇಕು.

ಕತ್ತು, ಕಾಲು, ಎರಡು ಕಣ್ಣು

ಕಣ್ಣುನೋವೆಂದು ನಾವು ಹೇಳುವುದರಲ್ಲಿ ಒಂದು ಪಾಲು ಕತ್ತಿನದು. ಸ್ಕೋಪು ಕಣ್ಣಿಗೆ ಬರಬೇಕೇ ಹೊರತು ಕಣ್ಣು ಸ್ಕೋಪಿಗೆ ಹೋಗಬಾರದು. ಮಡಿಚುವ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಆಮೇಲೆ ಟ್ರೈಪಾಡಿನ ಎತ್ತರ ಹೊಂದಿಸಿ. ಕಣ್ಣಿಡುವ ಭಾಗ 45 ಡಿಗ್ರಿ ಓರೆಯಾಗಿರುವ ಸ್ಕೋಪು ಹೀಗೆ ಬಹಳ ಹೊತ್ತು ಕೂರುವವರಿಗೆ ಹಿತ. ಎತ್ತರದವರೂ ಗಿಡ್ಡವರೂ ಸರದಿಯಲ್ಲಿ ನೋಡಬಹುದು. ನೆಟ್ಟಗಿನ ಸ್ಕೋಪು ಗುರಿ ಹಿಡಿಯಲು ಬೇಗ, ಕಾರಿನಿಂದ ನೋಡಲು ಸುಲಭ. ಟ್ರೈಪಾಡಿನ ಕಾಲನ್ನು ಬೇಕಾದಷ್ಟೇ ಬಿಚ್ಚಿ, ನಡುವಿಗೆ ಚೀಲ ನೇತುಹಾಕಿ. 40 ಪಟ್ಟಿನ ಸ್ಕೋಪು ನಡುಕವನ್ನೂ 40 ಪಟ್ಟು ತೋರಿಸುತ್ತದೆ. ನಡುಗುವ ಚಿತ್ರವನ್ನು ಹಿಡಿದು ನಿಲ್ಲಿಸುವ ಕೆಲಸವೂ ಕಣ್ಣಿನ ತಲೆಗೇ ಬರುತ್ತದೆ. ಸ್ಕೋಪನ್ನು ಸರಿಸುತ್ತ ಹುಡುಕಬೇಡಿ. ಸರಿಸಿ, ನಿಲ್ಲಿಸಿ, ಕಾಣುವ ವೃತ್ತದೊಳಗೆ ಕಣ್ಣನ್ನು ಮಾತ್ರ ಓಡಾಡಿಸಿ, ಆಮೇಲೆ ಮುಂದಿನ ತುಂಡಿಗೆ ಹೋಗಿ.

ಎಲ್ಲಕ್ಕಿಂತ ದೊಡ್ಡ ಉಪಾಯವನ್ನು ಅರಿಜೋನಾದವರು ಆಗಲೇ ಕಂಡುಕೊಂಡಿದ್ದಾರೆ. ಹುಡುಕುವ ಕೆಲಸ ಬೈನಾಕ್ಯುಲರಿಗೆ, ಗುರುತಿಸುವ ಕೆಲಸ ಸ್ಕೋಪಿಗೆ. ಎರಡು ಕಣ್ಣಿನ ನೋಟ ಮೆದುಳಿಗೆ ಸಹಜ. ಬೈನಾಕ್ಯುಲರನ್ನು ಟ್ರೈಪಾಡಿಗೆ ಏರಿಸಿದರೆ ಗಂಟೆಗಟ್ಟಲೆ ನೋಡಬಹುದು. ಆಸ್ಟ್ರಿಯದ ಸ್ವರೋವ್‌ಸ್ಕಿ ಕಂಪನಿ 2017ರಲ್ಲಿ ಎರಡು ಕಣ್ಣಿನಿಂದ ನೋಡುವ, ಹಣೆ ಊರಲು ಆಸರೆಯಿರುವ ಸ್ಕೋಪನ್ನೇ ತಂದಿತು. ಅದರ ಬೆಲೆ ಕೇಳಿದರೆ ಮತ್ತೊಂದು ಬಗೆಯ ತಲೆನೋವು ಬರುತ್ತದೆ. ನಮ್ಮಂಥವರಿಗೆ ಟ್ರೈಪಾಡಿನ ಮೇಲಿನ ಬೈನಾಕ್ಯುಲರೇ ಸಾಕು.

ಬೈನಾಕ್ಯುಲರಿಗೂ ಹೊಂದಾಣಿಕೆಯಿದೆ. ಎರಡು ವೃತ್ತ ಒಂದಾಗಿ ಕಾಣುವವರೆಗೆ ನಡುವಿನ ಕೀಲನ್ನು ಮಡಿಚಿ. ನಡುವಿನ ಚಕ್ರದಿಂದ ಎಡಗಣ್ಣಿಗೆ ಫೋಕಸ್ ಮಾಡಿ, ಬಲಗಡೆಯ ಉಂಗುರದಿಂದ ಬಲಗಣ್ಣಿಗೆ ಹೊಂದಿಸಿ. ಒಮ್ಮೆ ಕೆಳಗೆ ಬಿದ್ದ ಬೈನಾಕ್ಯುಲರಿನ ಬಗ್ಗೆ ಅನುಮಾನವಿರಲಿ. ಒಂದು ಕೊಳವೆ ತುಸು ಮೇಲಕ್ಕೆ, ಇನ್ನೊಂದು ಕೆಳಕ್ಕೆ ನೋಡುತ್ತಿದ್ದರೆ ಕಣ್ಣುಗಳು ಎರಡು ಚಿತ್ರವನ್ನು ಕೂಡಿಸಲು ಒದ್ದಾಡುತ್ತವೆ. ಕಣ್ಣುಗಳು ಮೂಗಿನ ಕಡೆಗೆ ಸುಲಭವಾಗಿ ಹೊರಳುತ್ತವೆ, ಒಂದು ಮೇಲೆ ಒಂದು ಕೆಳಗೆ ಹೊರಳಲಾರವು. ಬೈನಾಕ್ಯುಲರನ್ನು ಕೆಳಗಿಟ್ಟ ಕ್ಷಣ ಕಣ್ಣು ಜಗ್ಗಿದಂತಾಗಿ ಎದುರಿನದು ಎರಡಾಗಿ ಕಂಡರೆ ಅದನ್ನು ರಿಪೇರಿಗೆ ಕೊಡಿ.

ಎವೆ ಇಕ್ಕಿ ನೋಡಿ

ಈಗ ಎಣ್ಣೆಯ ಮಾತು. ಕಣ್ಣಲ್ಲಿ ನಿಜವಾಗಿಯೂ ಎಣ್ಣೆಯಿದೆ. ರೆಪ್ಪೆಯಂಚಿನ ಸಣ್ಣ ಗ್ರಂಥಿಗಳಿಂದ ಅದು ಜಿನುಗಿ, ಕಣ್ಣೀರಿನ ತೆಳುವಾದ ಪೊರೆಯ ಮೇಲೆ ಹರಡಿ, ನೀರು ಆರಿಹೋಗದಂತೆ ಕಾಯುತ್ತದೆ. ಹರಡುವ ಕೆಲಸ ರೆಪ್ಪೆಯದು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ಎವೆ ಇಕ್ಕುತ್ತೇವೆ. ಏನನ್ನಾದರೂ ಗಮನವಿಟ್ಟು ನೋಡುವಾಗ ಅದು ತೀರ ಕಡಿಮೆಯಾಗುತ್ತದೆ. ಮೊಬೈಲ್ ಪರದೆಯಲ್ಲಿ ಆಗುವುದೇ ಸ್ಕೋಪಿನಲ್ಲೂ ಆಗುತ್ತದೆ. ಮೇಲೆ ದಿಣ್ಣೆಯ ಗಾಳಿ, ಕೆರೆಯಂಗಳದ ಚಳಿ. ಪೊರೆ ಒಡೆಯುತ್ತದೆ, ಕಣ್ಣು ಉರಿಯುತ್ತದೆ, ಉರಿಗೆ ನೀರು ಬರುತ್ತದೆ, ನೀರಿಗೆ ಚಿತ್ರ ಮಸುಕಾಗುತ್ತದೆ.

ಎವೆಯಿಕ್ಕದೆ ನೋಡುವುದನ್ನು ನಾವು ದೊಡ್ಡ ಗುಣವೆಂದು ಹೊಗಳುತ್ತೇವೆ. ಅದು ದೇವತೆಗಳ ಗುಣ. ಅವರಿಗೆ ಅನಿಮಿಷರೆಂದೇ ಹೆಸರು. ದಮಯಂತಿಯ ಸ್ವಯಂವರದಲ್ಲಿ ಇಂದ್ರಾದಿಗಳು ನಳನ ವೇಷದಲ್ಲಿ ಸಾಲಾಗಿ ಕೂತಾಗ ಅವಳು ನಿಜವಾದ ನಳನನ್ನು ಗುರುತಿಸಿದ ಕುರುಹುಗಳಲ್ಲಿ ಎವೆ ಇಕ್ಕುವುದೂ ಒಂದು. ಮಾಲೆ ಬಿದ್ದದ್ದು ಮಿಟುಕಿಸಿದವನ ಕೊರಳಿಗೆ. ಸ್ಕೋಪಿನ ಹಿಂದೆ ನಾವೂ ನಳರಾಗಿರೋಣ. ಪ್ರತಿ ಸಲ ಸ್ಕೋಪನ್ನು ಸರಿಸಿದಾಗ ಬೇಕೆಂದೇ ಒಮ್ಮೆ ಪೂರ್ತಿ ರೆಪ್ಪೆ ಮುಚ್ಚಿ ತೆರೆಯಿರಿ. ಕಾಲು ಗಂಟೆಗೊಮ್ಮೆ ಎದ್ದು, ಕಣ್ಣು ಮುಚ್ಚಿ ಅರ್ಧ ನಿಮಿಷ ಬಿಡಿ, ಬರಿಗಣ್ಣಿನಿಂದ ಸುತ್ತ ನೋಡಿ. ನೀರು ಕುಡಿಯಿರಿ. ಸೂರ್ಯ ಬೆನ್ನಿಗಿರುವ ಜಾಗ ಆರಿಸಿಕೊಳ್ಳಿ. ಕಣ್ಣು ಒಣಗುವ ತೊಂದರೆ ಮೊದಲೇ ಇದ್ದವರು ವೈದ್ಯರನ್ನು ಕೇಳಿ ಕಣ್ಣೀರಿನ ಹನಿ ಇಟ್ಟುಕೊಳ್ಳಬಹುದು. ಹರಳೆಣ್ಣೆ ಮಾತ್ರ ಬೇಡ.

ಕಣ್ಣಿನ ದಣಿವು ದೃಷ್ಟಿಯನ್ನು ಕೆಡಿಸುವುದಿಲ್ಲ, ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ಆದರೆ ಎರಡು ವಿಷಯದಲ್ಲಿ ರಾಜಿಯಿಲ್ಲ. ಒಂದು, ಸ್ಕೋಪಿನಿಂದಾಗಲಿ ಬೈನಾಕ್ಯುಲರಿನಿಂದಾಗಲಿ ಸೂರ್ಯನನ್ನು ಒಂದು ಕ್ಷಣವೂ ನೋಡಬಾರದು. ಸುಟ್ಟ ಅಕ್ಷಿಪಟಲ ಮತ್ತೆ ಮೊದಲಿನಂತಾಗದೆ ಹೋಗಬಹುದು. ಎರಡು, ಕಣ್ಣಲ್ಲಿ ಮಿಂಚು ಹೊಡೆದಂತಾದರೆ, ತೇಲುವ ಎಳೆಗಳು ಒಮ್ಮೆಲೇ ಹೆಚ್ಚಾದರೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅದು ದಣಿವಲ್ಲ. ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ನವೆಂಬರ್ ಬಂದರೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ನಮ್ಮ ಕೆರೆಗಳಿಗೆ ಇಳಿಯುತ್ತವೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡದ್ದುಂಟು. ಆ ಪಟ್ಟಿಯ ಮೇಲಿನ ಅಕ್ಷರವನ್ನು ದಂಡೆಯಿಂದಲೇ, ಹಕ್ಕಿಗೆ ತೊಂದರೆ ಕೊಡದೆ ಓದುವುದಕ್ಕೆ ಸ್ಪಾಟಿಂಗ್ ಸ್ಕೋಪಿನಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ಈ ಸಲ ಮಾಗಡಿ ಕೆರೆಗೆ ಹೋಗುವವರು ಸ್ಟೂಲೊಂದನ್ನು ಜೊತೆಗೊಯ್ಯಿರಿ. ಪಟ್ಟು 25ಕ್ಕೆ ಇಳಿಸಿ, ಎರಡೂ ಕಣ್ಣು ತೆರೆದು ಕೂರಿ. ಪಟ್ಟಿ ಕಂಡರೆ ಅಕ್ಷರ, ದಿನಾಂಕ, ಕೆರೆಯ ಹೆಸರು ಬರೆದುಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಿ. ಓದಿದ್ದು ಖಚಿತವಿಲ್ಲದಿದ್ದರೆ ಕಣ್ಣಿಗೆ ಐದು ನಿಮಿಷ ಬಿಡುವು ಕೊಟ್ಟು ಇನ್ನೊಮ್ಮೆ ಓದಿ.